ಕನ್ನಡಕವಿಲ್ಲದ 3ಡಿ ಗೇಮ್: ಪರದೆಯನ್ನು ನಿಮ್ಮ ಕಣ್ಣಿಗೆ ಹೊಂದಿಸುವುದು ಹೀಗೆ

ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ನಿಂಟೆಂಡೊ ಕಂಪನಿಯ ಹಳೆಯ 3ಡಿಎಸ್, ಅಂದರೆ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ, ಕೈಗೆತ್ತಿಕೊಂಡವರನ್ನು ಎಷ್ಟೋ ಸಲ ನೋಡಿದ್ದೇನೆ. 3ಡಿ ಆಳವನ್ನು ಹೆಚ್ಚು ಕಡಿಮೆ ಮಾಡುವ, ಪರದೆ ಪಕ್ಕದ ಸ್ಲೈಡರನ್ನು ಒಂದೇ ಏಟಿಗೆ ತುದಿಯವರೆಗೆ ತಳ್ಳುತ್ತಾರೆ. ಒಂದು ಚಿತ್ರ ಎರಡಾಗಿ ಕಾಣುತ್ತದೆ. ‘ತಲೆನೋವು ಬರುತ್ತೆ, ಬೇಡಪ್ಪ’ ಎಂದು ವಾಪಸ್ ಇಡುತ್ತಾರೆ. ಐದು ನಿಮಿಷ ಕೊಟ್ಟಿದ್ದರೆ ಚೆನ್ನಾಗಿ ಕಾಣುತ್ತಿತ್ತು.

ಕೊಳ್ಳುವಾಗ

3ಡಿಎಸ್ ಬಂದದ್ದು 2011ರಲ್ಲಿ, ತಯಾರಿಕೆ ನಿಂತದ್ದು 2020ರಲ್ಲಿ. ಅದರ ಆಟಗಳನ್ನು ಮಾರುತ್ತಿದ್ದ ಆನ್‌ಲೈನ್ ಅಂಗಡಿಯೂ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಹಾಗಾಗಿ ಆಟದ ಕಾರ್ಟ್ರಿಜ್‌ಗಳನ್ನೂ ಜೊತೆಗೇ ಕೇಳಿ. ಹೆಸರು ಸರಿಯಾಗಿ ಓದಿ. 2ಡಿಎಸ್ ಎಂದಿದ್ದರೆ ಅದರಲ್ಲಿ 3ಡಿ ಇಲ್ಲವೇ ಇಲ್ಲ. ನನ್ನನ್ನು ಕೇಳಿದರೆ 2014ರಲ್ಲಿ ಬಂದ ‘ನ್ಯೂ 3ಡಿಎಸ್’ ಹುಡುಕಿ. ಅದರ ಕ್ಯಾಮೆರಾ ನಿಮ್ಮ ಮುಖ ಎಲ್ಲಿದೆ ಎಂದು ನೋಡಿಕೊಂಡು ಚಿತ್ರವನ್ನು ಸರಿಪಡಿಸುತ್ತದೆ. ಸ್ವಲ್ಪ ಅಲುಗಾಡಿದರೂ ನಡೆಯುತ್ತದೆ.

ಮ್ಯಾಟ್ ಸ್ಕ್ರೀನ್‌ಗಾರ್ಡ್ ಮಾತ್ರ ಹಾಕಿಸಬೇಡಿ. ಚಿತ್ರ ಮಂಜಾಗುತ್ತದೆ. ಮೊದಲೇ ಅಂಟಿಸಿದ್ದರೆ ಕಿತ್ತು ಹಾಕಿ.

ಸ್ಲೈಡರ್ ಹೊಂದಿಸುವುದು

ಎಲ್ಲರೂ ತಪ್ಪುವುದು ಇಲ್ಲೇ. ಮೊದಲು ಈ ಪರದೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಳ್ಳಿ. ಮನೆಯ ಕಿಟಕಿ ಸರಳುಗಳ ಹಿಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ರಸ್ತೆ ನೋಡಿ. ಎಡಗಣ್ಣಿಗೆ ಕಂಡದ್ದು ಬಲಗಣ್ಣಿಗೆ ಸರಳಿನ ಮರೆಯಾಗುತ್ತದೆ, ಅಲ್ವಾ? ಈ ಪರದೆಯೊಳಗೂ ಅಂಥದೇ ಸಣ್ಣ ಸಣ್ಣ ಪಟ್ಟಿಗಳ ತಡೆ ಇದೆ. ಅಡ್ಡಕ್ಕೆ 800 ಚುಕ್ಕಿಗಳು. ಅದರಲ್ಲಿ 400 ಒಂದು ಕಣ್ಣಿಗೆ, 400 ಇನ್ನೊಂದಕ್ಕೆ. ತಲೆ ಪಕ್ಕಕ್ಕೆ ಸರಿದರೆ ಒಂದು ಕಣ್ಣಿನ ಚಿತ್ರ ಇನ್ನೊಂದಕ್ಕೆ ಹೋಗಿ ಎಲ್ಲ ಕಲಸಿಹೋಗುತ್ತದೆ.

ಆದ್ದರಿಂದ ಮೇಜಿನ ಮೇಲೆ ಮೊಳಕೈ ಊರಿ ಕೂರಿ. ಪರದೆ ಮುಖದ ನೇರಕ್ಕೆ, ಸುಮಾರು ಒಂದು ಅಡಿ ದೂರದಲ್ಲಿರಲಿ. ಟ್ಯೂಬ್‌ಲೈಟ್ ಅದರಲ್ಲಿ ಪ್ರತಿಫಲಿಸಬಾರದು. ಸ್ಲೈಡರ್ ಪೂರ್ತಿ ಕೆಳಗಿರಲಿ. ಆಟದಲ್ಲಿ ಏನೂ ಓಡದ, ನಿಂತ ದೃಶ್ಯವೊಂದನ್ನು ತೆರೆದಿಡಿ.

ಈಗ ಸ್ಲೈಡರನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆ ಸರಿಸಿ. ಎರಡು ಚಿತ್ರ ಕಂಡರೆ ಸ್ಲೈಡರ್ ಮುಟ್ಟಬೇಡಿ. ಕೈಯಲ್ಲಿರುವುದನ್ನೇ ಎಡಕ್ಕೆ, ಬಲಕ್ಕೆ ತುಸು ತಿರುಗಿಸಿ. ಒಂದು ಕಡೆ ಎರಡೂ ಕೂಡಿಕೊಳ್ಳುತ್ತವೆ. ಅಲ್ಲೇ ನಿಲ್ಲಿಸಿ, ಹತ್ತು ಎಣಿಸಿ. ಕಣ್ಣಿಗೆ ಸಮಯ ಬೇಕು. ಮತ್ತೆ ಒಂದಿಷ್ಟು ಮೇಲಕ್ಕೆ, ಮತ್ತೆ ಹತ್ತು ಎಣಿಸಿ. ವಸ್ತುಗಳ ಅಂಚಿನಲ್ಲಿ ನೆರಳಿನಂಥ ಜೋಡಿಗೆರೆ ಕಂಡ ಕೂಡಲೇ ಸ್ವಲ್ಪ ಹಿಂದಕ್ಕೆ ಬನ್ನಿ. ಮೂಲೆಯ ಅಂಕಿಗಳನ್ನು ಓದಿ. ಕಣ್ಣು ಕಿರಿದಾಗದೆ ಓದಲು ಬಂದರೆ ಅದೇ ನಿಮ್ಮ ಜಾಗ. ನನ್ನದು ಅರ್ಧಕ್ಕಿಂತ ಕೆಳಗೇ ಇದೆ.

ಅಣ್ಣನ ಜಾಗ ತಮ್ಮನಿಗೆ ಆಗುವುದಿಲ್ಲ. ಎರಡು ಕಣ್ಣುಗಳ ನಡುವಿನ ಅಂತರ ಒಬ್ಬೊಬ್ಬರಿಗೆ ಒಂದೊಂದು ಥರ. ಮಕ್ಕಳಿಗಂತೂ ಕಡಿಮೆ. ಕೈ ಬದಲಾದಾಗಲೆಲ್ಲ ಸೊನ್ನೆಯಿಂದ ಶುರು ಮಾಡಿ. ಬಿಎಂಟಿಸಿ ಬಸ್ಸಿನಲ್ಲಿ 3ಡಿ ಬೇಡವೇ ಬೇಡ. ಪ್ರತಿ ಹಂಪ್‌ಗೂ ಚಿತ್ರ ಒಡೆಯುತ್ತದೆ.

ಎಷ್ಟು ಮಾಡಿದರೂ ಆಳ ಕಾಣದಿದ್ದರೆ

ನನ್ನ ತಂಗಿ ಮಗಳಿಗೆ ಹೀಗೇ ಆಯಿತು. ‘ಎಲ್ಲಾ ಒಂದೇ ಥರ ಇದೆ ಮಾಮ’ ಎಂದಳು. ನಾನು ಸ್ಲೈಡರ್ ಏರಿಸುತ್ತಲೇ ಹೋದೆ. ಹಾಗೆ ಮಾಡಬಾರದಿತ್ತು. ಅವಳ ಒಂದು ಕಣ್ಣಿನ ದೃಷ್ಟಿ ಬಹಳ ಮಂದ ಎಂದು ಆಮೇಲೆ ಗೊತ್ತಾಯಿತು. ಮಾಲುಗಣ್ಣು ಇರುವವರಿಗೆ, ಒಂದೇ ಕಣ್ಣಿನಲ್ಲಿ ಚೆನ್ನಾಗಿ ಕಾಣುವವರಿಗೆ ಈ ಆಳ ಮೂಡದೇ ಇರಬಹುದು. ಮಗು ‘ಕಾಣ್ತಿಲ್ಲ’ ಎಂದರೆ ನಂಬಿ. ಮಿಂಟೊ ಕಣ್ಣಾಸ್ಪತ್ರೆ ಆಗಲಿ, ಮನೆ ಹತ್ತಿರದ ಕಣ್ಣಿನ ಡಾಕ್ಟರಾಗಲಿ, ಒಮ್ಮೆ ತೋರಿಸಿ.

ಆಟ ಬಿಡಬೇಕಿಲ್ಲ. ಸ್ಲೈಡರ್ ಇಳಿಸಿ ಆಡಲಿ. ಅದಕ್ಕೆ ಒಪ್ಪುವ ಆಟವನ್ನೇ ಆರಿಸಿ. 2011ರ ‘ಸೂಪರ್ ಮಾರಿಯೊ 3ಡಿ ಲ್ಯಾಂಡ್’ ನೋಡಿ. ಮಾರಿಯೊ ಹಾರಿದಾಗ ಅವನ ನೆರಳು ಕೆಳಗೆ ಬೀಳುತ್ತದೆ. ಎಲ್ಲಿ ಇಳಿಯುತ್ತಾನೆ ಎಂದು ನೆರಳೇ ಹೇಳುತ್ತದೆ. ಇಟ್ಟಿಗೆಗಳನ್ನು ಕಣ್ಣಿಗೆ ಮೋಸವಾಗುವಂತೆ ಜೋಡಿಸಿದ ಕೆಲವು ಕೋಣೆಗಳಲ್ಲಿ ಮಾತ್ರ 3ಡಿ ಇದ್ದವರಿಗೆ ಸುಲಭ.

ನಮ್ಮೂರಲ್ಲಿ ಗೇಮ್ ಡಿಸೈನ್ ಕಲಿಯುತ್ತಿರುವವರೂ ಇದನ್ನು ಗಮನಿಸಬೇಕು. ಆಳದ ಸುಳಿವನ್ನು ನೆರಳು, ಗಾತ್ರ, ಒಂದರ ಮರೆಯಲ್ಲಿ ಇನ್ನೊಂದು, ಇವುಗಳಲ್ಲೇ ಮೊದಲು ಕೊಡಿ. 3ಡಿ ಆಮೇಲೆ ಸೇರಲಿ. ಪರದೆಯಿಂದ ಹೊರಗೆ ಚಾಚಿದ ವಸ್ತು ಅಂಚಿಗೆ ತಾಗಿ ಕತ್ತರಿಸಿಹೋಗಬಾರದು. ಮುಂದೆ ಇರುವುದನ್ನು ಹಿಂದಿನ ಚೌಕಟ್ಟು ಮುಚ್ಚಿದಂತಾಗಿ ಕಣ್ಣು ಗೊಂದಲಕ್ಕೆ ಬೀಳುತ್ತದೆ. ಕೈ ಓಲಾಡಿಸಿ ಗುರಿ ಇಡುವ ಆಟಕ್ಕೆ 3ಡಿ ಜೋಡಿಸಲೇಬೇಡಿ. ಓಲಾಡಿಸಿದರೆ ಚಿತ್ರವೇ ಒಡೆಯುತ್ತದಲ್ಲ. ಪ್ರತಿ ದೃಶ್ಯವನ್ನೂ ಎರಡೆರಡು ಸಲ ಬಿಡಿಸಬೇಕಾದ್ದರಿಂದ ಯಂತ್ರಕ್ಕೂ ಭಾರ ಜಾಸ್ತಿ. 2013ರ ಪೋಕೆಮಾನ್ ಎಕ್ಸ್, ವೈ ಆಟಗಳಲ್ಲಿ ಕಾಳಗದಂಥ ಕೆಲವು ಭಾಗಗಳಲ್ಲಷ್ಟೇ 3ಡಿ ಇತ್ತು.

ಚಿಕ್ಕ ಮಕ್ಕಳಿದ್ದರೆ

ಆರು ವರ್ಷದ ಒಳಗಿನವರಿಗೆ 3ಡಿ ಬೇಡ ಎಂದು ನಿಂಟೆಂಡೊ ತಾನೇ ಹೇಳಿತ್ತು. ಸೆಟ್ಟಿಂಗ್ಸ್‌ನಲ್ಲಿ ಪೇರೆಂಟಲ್ ಕಂಟ್ರೋಲ್ಸ್ ತೆರೆದು 3ಡಿಗೆ ಪಿನ್ ಹಾಕಿ ಬೀಗ ಹಾಕಬಹುದು. ದೊಡ್ಡವರೂ ಅರ್ಧ ಗಂಟೆಗೊಮ್ಮೆ ಕಿಟಕಿಯಾಚೆ ನೋಡಿ. ಸೆಕೆಂಡ್ ಹ್ಯಾಂಡ್ ಕೊಂಡಾಗ ಸ್ಲೈಡರ್ ಏರಿಸಿದರೂ ಏನೂ ಆಗದಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಹಿಂದಿನ ಮಾಲೀಕರು ಹಾಕಿದ ಬೀಗ ಹಾಗೇ ಉಳಿದಿರಬಹುದು. ಅಂಗಡಿ ಬಿಡುವ ಮುಂಚೆ ಆ ಪಿನ್ ತೆಗೆಸಿಕೊಳ್ಳಿ.