ಅಮೆರಿಕದ ಖಾಸಗಿ ಕಾಲೇಜಿನ ಶುಲ್ಕ ರಿಯಾಯಿತಿಯನ್ನು ಅಳೆಯುವುದು ಹೇಗೆ?

ವರ್ಷಕ್ಕೆ 25,000 ಡಾಲರುಗಳ ಮೆರಿಟ್ ಸ್ಕಾಲರ್‌ಶಿಪ್ ಮಂಜೂರಾಗಿದೆ ಎಂಬ ಪತ್ರ ಖಾಸಗಿ ಕಾಲೇಜಿನಿಂದ ಬಂದ ದಿನ ಮನೆಯಲ್ಲಿ ಹಬ್ಬದ ವಾತಾವರಣ ಮೂಡುವುದು ಸಹಜ. ಮಗುವಿನ ಶ್ರಮಕ್ಕೆ ಸಂದ ಗೌರವ ಅದು, ಸಂದೇಹವಿಲ್ಲ. ಆದರೆ ಆ ಪತ್ರದಲ್ಲಿ ಕಾಲೇಜಿನ ಅಗತ್ಯವೂ ಅಡಗಿದೆ. ಕಾಲೇಜುಗಳ ಹಣಕಾಸು ಅಧಿಕಾರಿಗಳ ಸಂಘವಾದ ನಕುಬೋ 2023–24ರಲ್ಲಿ ಸಮೀಕ್ಷೆ ಮಾಡಿದ ಲಾಭರಹಿತ ಖಾಸಗಿ ಕಾಲೇಜುಗಳು, ಹೊಸದಾಗಿ ಸೇರಿದ ಪೂರ್ಣಾವಧಿ ವಿದ್ಯಾರ್ಥಿಗಳ ಬೋಧನಾ ಶುಲ್ಕದಲ್ಲಿ ಸರಾಸರಿ ಶೇ. 56ರಷ್ಟನ್ನು ಬಿಟ್ಟುಕೊಟ್ಟಿದ್ದವು. ಅಮೆರಿಕದಲ್ಲಿ ಜನನ ಸಂಖ್ಯೆ 2007ರಲ್ಲಿ ಶಿಖರ ಮುಟ್ಟಿ ಆಮೇಲೆ ಇಳಿಯತೊಡಗಿತು. ಆಗ ಹುಟ್ಟಿದವರು ಈಗ ಕಾಲೇಜಿನ ಬಾಗಿಲಲ್ಲಿದ್ದಾರೆ, ಅವರ ಹಿಂದಿನ ಸಾಲು ಚಿಕ್ಕದು. ಸೀಟು ತುಂಬಿಸಿಕೊಳ್ಳಬೇಕಾದ ಕಾಲೇಜಿಗೆ ರಿಯಾಯಿತಿಯೇ ಮುಖ್ಯ ಸಾಧನ.

ಆದ್ದರಿಂದ ಘೋಷಿತ ಶುಲ್ಕ ನೋಡಿ ಅರ್ಜಿ ಹಾಕುವುದನ್ನು ಕೈಬಿಡಬೇಡಿ. 2011ರಿಂದ ಕಾಲೇಜುಗಳು ತಮ್ಮ ಜಾಲತಾಣದಲ್ಲಿ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ (ನೆರವು ಕಳೆದು ನೀವು ಕಟ್ಟಬೇಕಾದ ವೆಚ್ಚವನ್ನು ಅಂದಾಜಿಸುವ ಸಾಧನ) ಇಡುವುದು ಕಾನೂನಿನಂತೆ ಕಡ್ಡಾಯವಾಗಿದೆ. ಮೊದಲು ಅದರಲ್ಲಿ ನಿಮ್ಮ ಆದಾಯದ ವಿವರ ತುಂಬಿ ಅಂದಾಜು ಪಡೆಯಿರಿ. ಬಳಿಕ ಕಾಲೇಜಿನ ‘ಕಾಮನ್ ಡೇಟಾ ಸೆಟ್’ ಎಂಬ ಅಂಕಿಅಂಶಗಳ ವರದಿ ಹುಡುಕಿ ಅದರ ‘ಎಚ್’ ವಿಭಾಗ ತೆರೆಯಿರಿ. ಆರ್ಥಿಕ ಅಗತ್ಯವಿಲ್ಲದಿದ್ದರೂ ಎಷ್ಟು ಮಂದಿಗೆ ಸಹಾಯಧನ ಸಿಕ್ಕಿತು, ಸರಾಸರಿ ಎಷ್ಟು ಎಂಬುದು ಅಲ್ಲಿದೆ. ಹಾರ್ವರ್ಡ್, ಯೇಲ್ ಸೇರಿದಂತೆ ಐವಿ ಲೀಗ್‌ನ ಎಂಟೂ ಸಂಸ್ಥೆಗಳು ಮೆರಿಟ್ ಹಣ ಕೊಡುವುದಿಲ್ಲ, ಕುಟುಂಬದ ಅಗತ್ಯವನ್ನಷ್ಟೇ ನೋಡುತ್ತವೆ. ಎಚ್‌-4 ವೀಸಾದಲ್ಲಿ (ಅಲ್ಲಿ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿರುವವರ ಅವಲಂಬಿತರಿಗೆ ಸಿಗುವುದು) ಇರುವ ಕನ್ನಡ ಕುಟುಂಬಗಳ ಮಕ್ಕಳಿಗೂ ಕರ್ನಾಟಕದಿಂದ ನೇರವಾಗಿ ಬರುವವರಿಗೂ ಅಮೆರಿಕದ ಫೆಡರಲ್ ಸರ್ಕಾರದ ನೆರವು ಸಿಗದ ಕಾರಣ, ಕಾಲೇಜೇ ಕೊಡುವ ಮೆರಿಟ್ ಹಣದ ತೂಕ ಅವರ ಪಾಲಿಗೆ ಹೆಚ್ಚು.

ಪತ್ರಗಳು ಕೈಗೆ ಬಂದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಸಾಲವನ್ನೂ ಕ್ಯಾಂಪಸ್ ಕೆಲಸದ ಸಂಬಳವನ್ನೂ ‘ನೆರವು’ ಎಂಬ ಒಂದೇ ತಲೆಬರಹದಡಿ ಕೂಡಿಸಿ ತೋರಿಸುವುದುಂಟು. ಅವೆರಡನ್ನೂ ಬದಿಗಿಟ್ಟು, ಮರಳಿಸಬೇಕಿಲ್ಲದ ಹಣವನ್ನು ಮಾತ್ರ ಒಟ್ಟು ವೆಚ್ಚದಿಂದ ಕಳೆಯಿರಿ. ಒಂದು ಲೆಕ್ಕ ನೋಡೋಣ. ಬೋಧನಾ ಶುಲ್ಕ 50,000, ಸ್ಕಾಲರ್‌ಶಿಪ್ 25,000 ಎಂದಿಟ್ಟುಕೊಳ್ಳಿ. ಶುಲ್ಕ ವರ್ಷಕ್ಕೆ ಶೇ. 4ರಂತೆ ಏರುತ್ತಾ ಹೋಗಿ ಸ್ಕಾಲರ್‌ಶಿಪ್ ಇದ್ದಲ್ಲೇ ಇದ್ದರೆ, ಮೊದಲ ವರ್ಷ 25,000 ಕಟ್ಟಿದವರು ನಾಲ್ಕನೆಯ ವರ್ಷ ಸುಮಾರು 31,200 ಕಟ್ಟಬೇಕಾಗುತ್ತದೆ, ಊಟ ವಸತಿ ಬೇರೆ. ಹಾಗಾಗಿ ಒಂದು ವರ್ಷದ್ದನ್ನಲ್ಲ, ನಾಲ್ಕು ವರ್ಷಗಳ ಮೊತ್ತವನ್ನು ಕಾಗದದ ಮೇಲೆ ಅಕ್ಕಪಕ್ಕ ಬರೆದು ಹೋಲಿಸಿ. ಸ್ಕಾಲರ್‌ಶಿಪ್ ಉಳಿಯಲು ಎಷ್ಟು ಜಿಪಿಎ ಬೇಕು, ಒಂದು ಸೆಮಿಸ್ಟರ್ ಅಂಕ ಕುಸಿದರೆ ಸುಧಾರಿಸಿಕೊಳ್ಳಲು ಅವಕಾಶವಿದೆಯೇ, ಹೊರಗಿನಿಂದ ಬೇರೆ ಬಹುಮಾನ ಬಂದರೆ ಅಷ್ಟನ್ನು ಕಾಲೇಜು ತನ್ನ ಹಣದಲ್ಲಿ ಕಡಿತ ಮಾಡುತ್ತದೆಯೇ ಎಂಬುದನ್ನು ಲಿಖಿತವಾಗಿಯೇ ಕೇಳಿ.

ಹೆಚ್ಚು ಕೇಳಲು ಸಂಕೋಚ ಬೇಡ. ನಮ್ಮವರಿಗೆ ಇದು ಚೌಕಾಸಿಯೆನಿಸಿ ಮುಜುಗರ ತರುತ್ತದೆ, ಆದರೆ ಇನ್ನೊಂದು ಸಮಾನ ಮಟ್ಟದ ಕಾಲೇಜಿನ ಪತ್ರವನ್ನು ಲಗತ್ತಿಸಿ ವಿನಯದಿಂದ ಮರುಪರಿಶೀಲನೆ ಕೋರುವುದು ಅಲ್ಲಿ ವಾಡಿಕೆಯೇ. ಮನವಿಯನ್ನು, ಸೇರುವ ನಿರ್ಧಾರ ತಿಳಿಸಬೇಕಾದ ಮೇ 1ರ ಗಡುವಿಗೆ ಕೆಲವು ವಾರ ಮೊದಲೇ ಕಳಿಸಿ. ‘ಅರ್ಲಿ ಡಿಸಿಷನ್’ನಲ್ಲಿ ಅರ್ಜಿ ಹಾಕಿದವರು ಸೇರುವುದಾಗಿ ಮಾತು ಕೊಟ್ಟಿರುವುದರಿಂದ ಪತ್ರಗಳನ್ನು ಹೋಲಿಸುವ ಈ ಅನುಕೂಲವನ್ನು ಕಳೆದುಕೊಳ್ಳುತ್ತಾರೆ, ಹಣವೇ ನಿರ್ಣಾಯಕವಾದ ಮನೆಯವರಿಗೆ ನಾನು ಆ ದಾರಿಯನ್ನು ಸೂಚಿಸಲಾರೆ.

ಕೊನೆಯದಾಗಿ, ರಿಯಾಯಿತಿ ಅಸಾಧಾರಣವಾಗಿ ದೊಡ್ಡದಿದ್ದರೆ ಕಾಲೇಜಿನ ಆರೋಗ್ಯವನ್ನೂ ವಿಚಾರಿಸಿ. ಫಿಲಡೆಲ್ಫಿಯದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ 2024ರ ಮೇ 31ರಂದು ಮುಚ್ಚುವ ಸುದ್ದಿ ತಿಳಿಸಿ, ಜೂನ್ 7ಕ್ಕೆ ಬಾಗಿಲು ಹಾಕಿತು. ಅಮೆರಿಕದ ಶಿಕ್ಷಣ ಇಲಾಖೆ ಖಾಸಗಿ ಕಾಲೇಜುಗಳ ಹಣಕಾಸಿಗೆ ಮೈನಸ್ 1ರಿಂದ 3ರವರೆಗೆ ಅಂಕ ನೀಡುತ್ತದೆ, 1.5ಕ್ಕಿಂತ ಕೆಳಗಿದ್ದರೆ ಎಚ್ಚರ ವಹಿಸಿ. ಆ ಒಂದೇ ಅಂಕವನ್ನು ನೆಚ್ಚಿಕೊಳ್ಳದೆ, ಕಳೆದ ಐದು ವರ್ಷಗಳಲ್ಲಿ ಪ್ರತಿ ವರ್ಷ ಹೊಸದಾಗಿ ಸೇರಿದವರೆಷ್ಟು, ಮಗು ಓದಬೇಕೆಂದಿರುವ ವಿಭಾಗದಲ್ಲಿ ಅಧ್ಯಾಪಕರ ಸಂಖ್ಯೆ ಇಳಿದಿದೆಯೇ ಎಂದು ಪ್ರವೇಶ ಕಚೇರಿಯವರನ್ನೇ ಕೇಳಿ, ಮುಂಗಡ ಕಟ್ಟುವ ಮೊದಲೇ ಉತ್ತರ ಪಡೆದುಕೊಳ್ಳಿ.