ಸ್ಟ್ರೀಮಿಂಗ್ ಕಾಲದ ಹಾಡಿನ ಚಾರ್ಟನ್ನು ಓದುವ ಕ್ರಮ

ದಾವಣಗೆರೆ, ಚಿತ್ರದುರ್ಗದ ಪೇಟೆಗಳಲ್ಲಿ ಕ್ಯಾಸೆಟ್ ಮಾರುತ್ತಿದ್ದ ಕಾಲದಲ್ಲಿ ಯಾವ ಹಾಡು ಓಡುತ್ತಿದೆ ಎಂಬುದು ಅಂಗಡಿಯವರನ್ನು ಕೇಳಿದರೆ ತಿಳಿಯುತ್ತಿತ್ತು. 1952ರ ನವೆಂಬರ್‌ನಲ್ಲಿ ಬ್ರಿಟನ್ನಿನ ಮೊದಲ ಸಿಂಗಲ್ಸ್ (ಬಿಡಿ ಹಾಡುಗಳ) ಚಾರ್ಟ್ ಹುಟ್ಟಿದ್ದೂ ಹೀಗೆಯೇ. ಪತ್ರಿಕೆಯೊಂದು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ ಮಾರಾಟವನ್ನು ವಿಚಾರಿಸಿ ಪಟ್ಟಿ ಮಾಡಿತು. ಆಗ ಒಬ್ಬರು ಒಮ್ಮೆ ಕೊಂಡರೆ ಲೆಕ್ಕ ಮುಗಿಯುತ್ತಿತ್ತು. ಈಗ ಹಾಡನ್ನು ಕೊಳ್ಳದೆ ಇಂಟರ್ನೆಟ್ಟಿನಲ್ಲೇ ಕೇಳುವ ಸ್ಟ್ರೀಮಿಂಗ್ ಬಂದು, ಅದೇ ಕೇಳುಗರು ಮತ್ತೆ ಮತ್ತೆ ಕೇಳಿದ್ದೂ ಎಣಿಕೆಗೆ ಸೇರುತ್ತದೆ. ಆದ್ದರಿಂದ ‘ನಂಬರ್ ಒನ್’ ಎಂಬ ಮಾತು ಕಿವಿಗೆ ಬಿದ್ದಾಗ ಮೊದಲು ವಿಚಾರಿಸಬೇಕಾದದ್ದು, ಆ ಪಟ್ಟಿ ಏನನ್ನು ಎಣಿಸಿದೆ ಎಂಬುದನ್ನು.

ಬ್ರಿಟನ್ನಿನ ಪಟ್ಟಿಗೆ ಸ್ಟ್ರೀಮಿಂಗ್ ಸೇರಿದ್ದು 2014ರ ಜುಲೈನಲ್ಲಿ. ಆಗ 100 ಸ್ಟ್ರೀಮ್, ಅಂದರೆ ಹಾಡನ್ನು 100 ಬಾರಿ ಕೇಳಿದ್ದು, ಒಂದು ಮಾರಾಟಕ್ಕೆ ಸಮವಾಗಿತ್ತು. 2017ರಲ್ಲಿ ಅದು 150 ಆಯಿತು. 2018ರಿಂದ ಚಂದಾದಾರರ 100 ಸ್ಟ್ರೀಮ್‌ಗಳಿಗೆ ಒಂದು, ಜಾಹೀರಾತಿನೊಡನೆ ಉಚಿತವಾಗಿ ಕೇಳುವವರ 600 ಸ್ಟ್ರೀಮ್‌ಗಳಿಗೆ ಒಂದು ಎಂಬ ನಿಯಮ ಬಂತು. ಈ ದರದಲ್ಲಿ ಲೆಕ್ಕ ಹಾಕಿ ನೋಡಿ: ಮೂರು ಲಕ್ಷ ಸ್ಟ್ರೀಮ್‌ಗಳು ಚಂದಾದಾರರಿಂದ ಬಂದರೆ 3,000 ಮಾರಾಟ, ಉಚಿತ ಕೇಳುಗರಿಂದ ಬಂದರೆ ಕೇವಲ 500. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಾದರೋ ಮಾರಾಟ ಮತ್ತು ಸ್ಟ್ರೀಮ್‌ಗಳ ಜೊತೆಗೆ ರೇಡಿಯೊ ಪ್ರಸಾರವನ್ನೂ ಸೇರಿಸಿಕೊಳ್ಳುವುದರಿಂದ ಎರಡು ದೇಶಗಳ ಸ್ಥಾನಗಳನ್ನು ನೇರವಾಗಿ ಹೋಲಿಸಬಾರದು.

ಎರಡನೆಯದಾಗಿ ಹಾಡಿನ ವಯಸ್ಸನ್ನು ನೋಡಬೇಕು. ಅಮೆರಿಕದ ಗಾಯಕಿ ಮರಾಯಾ ಕ್ಯಾರಿಯವರ 1994ರ ಕ್ರಿಸ್‌ಮಸ್ ಹಾಡು ಅಮೆರಿಕದ ಮೊದಲ ಸ್ಥಾನಕ್ಕೆ ಏರಿದ್ದು 2019ರಲ್ಲಿ. ಹಳೆಯ ಹಾಡನ್ನು ಹೊಸದಾಗಿ ಕೊಳ್ಳಬೇಕಾದ ಅಗತ್ಯ ಉಳಿಯದ ಮೇಲೆ ಇಂಥದ್ದು ಸಾಧ್ಯವಾಯಿತು. ಹಳೆಯ ಹಾಡುಗಳೇ ಜಾಗ ಹಿಡಿದು ಕೂರದಿರಲೆಂದು ಬ್ರಿಟನ್ನಿನಲ್ಲಿ, ಕನಿಷ್ಠ 10 ವಾರ ಪಟ್ಟಿಯಲ್ಲಿದ್ದು ಸತತ ಮೂರು ವಾರ ಇಳಿದ ಹಾಡಿನ ಸ್ಟ್ರೀಮ್‌ಗಳ ಬೆಲೆಯನ್ನು ಅರ್ಧಕ್ಕೆ ಇಳಿಸುತ್ತಾರೆ. ಹಾಗಾಗಿ ಹಾಡೊಂದು ಥಟ್ಟನೆ ಕುಸಿದರೆ ಜನ ಅದನ್ನು ಬಿಟ್ಟರೆಂದು ತೀರ್ಮಾನಿಸುವುದು ಅನ್ಯಾಯ. 2017ರ ಮಾರ್ಚ್‌ನಲ್ಲಿ ಗಾಯಕ ಎಡ್ ಶೀರನ್ ಅವರ 16 ಹಾಡುಗಳು ಒಟ್ಟಿಗೆ ಮೊದಲ 20ರೊಳಗೆ ಸೇರಿದ ಬಳಿಕ, ಮುಖ್ಯ ಕಲಾವಿದರೊಬ್ಬರಿಗೆ ಮೂರೇ ಹಾಡು ಎಂಬ ಮಿತಿಯೂ ಅಲ್ಲಿ ಬಂತು. ಈ ಮಿತಿ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ, ಏಕೆಂದರೆ ಹೊಸಬರಿಗೆ ಪಟ್ಟಿಯಲ್ಲಿ ಜಾಗ ಉಳಿಯಬೇಕು.

ಕನ್ನಡದ ಹಾಡುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಪೋಸ್ಟರಿನಲ್ಲಿ ಕಾಣುವ ‘ಕೋಟಿ ವ್ಯೂಸ್’ ಚಾರ್ಟಿನ ಸ್ಥಾನವಲ್ಲ. ಹಣ ಕೊಟ್ಟು ಜಾಹೀರಾತಿನ ಮೂಲಕ ಪಡೆದ ವೀಕ್ಷಣೆಗಳನ್ನು ಯೂಟ್ಯೂಬ್ 2019ರಲ್ಲಿ ತನ್ನ ಸಂಗೀತ ಚಾರ್ಟುಗಳಿಂದ ಕೈಬಿಟ್ಟಿತು. ಇಡೀ ಭಾರತದ ಪಟ್ಟಿಯಲ್ಲಿ ಕನ್ನಡದ ಹಾಡು ಹಿಂದಿ, ಪಂಜಾಬಿ, ತೆಲುಗು ಹಾಡುಗಳ ನಡುವೆ ನಿಲ್ಲಬೇಕಾಗುವುದರಿಂದ, ಕೆಳಗಿನ ಸ್ಥಾನವೂ ಗಣನೀಯವೇ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಪೆನ್‌ಡ್ರೈವ್‌ನಿಂದ ಧ್ವನಿವರ್ಧಕದಲ್ಲಿ ಮೊಳಗುವ ಹಾಡನ್ನು ಸಾವಿರಾರು ಮಂದಿ ಕೇಳಿದರೂ ಸ್ಟ್ರೀಮಿಂಗ್ ಲೆಕ್ಕಕ್ಕೆ ಒಂದೂ ಸೇರುವುದಿಲ್ಲ. ನಮ್ಮ ಭಾಗದ ಜನಪದ ಗಾಯಕರ ನಿಜವಾದ ಕೇಳುಗರು ಹೀಗೆ ಪಟ್ಟಿಯ ಹೊರಗೇ ಉಳಿಯುತ್ತಾರೆ. ಮೊಬೈಲಿನಲ್ಲಾದರೂ ಕೂಡಲೇ ಎಣಿಕೆಯಾಗುವುದಿಲ್ಲ. ಸ್ಪಾಟಿಫೈ ಎಂಬ ಸ್ಟ್ರೀಮಿಂಗ್ ಆ್ಯಪಿನಲ್ಲಿ ಎಣಿಕೆಗೆ ಸೇರಲು ಹಾಡು ಕನಿಷ್ಠ 30 ಸೆಕೆಂಡು ಓಡಬೇಕು.

ಕೊನೆಯದಾಗಿ ವಾರವನ್ನು ಗಮನಿಸಿ. 2015ರ ಜುಲೈನಿಂದ ಜಗತ್ತಿನ ಹಲವು ದೇಶಗಳಲ್ಲಿ ಹೊಸ ಸಂಗೀತದ ಬಿಡುಗಡೆ ಶುಕ್ರವಾರಕ್ಕೆ ನಿಗದಿಯಾಗಿದೆ. ಮೊದಲ ವಾರದ ಸ್ಥಾನದಲ್ಲಿ ಅಭಿಮಾನಿಗಳ ಉತ್ಸಾಹದ ಪಾಲು ದೊಡ್ಡದಾಗಿರುವುದರಿಂದ ಅದನ್ನು ಬರೆದಿಟ್ಟುಕೊಂಡು, ನಾಲ್ಕನೆಯ ವಾರ ಅದೇ ಪಟ್ಟಿಯಲ್ಲಿ ಆ ಹಾಡು ಎಲ್ಲಿದೆ ಎಂದು ನೋಡಿದ ಮೇಲೆಯೇ ಅದರ ಜನಪ್ರಿಯತೆಯ ಬಗ್ಗೆ ಮಾತನಾಡಬೇಕು.