ಗೆಳೆಯನ ಜೊತೆ ಉಗಾಂಡಕ್ಕೆ ಸೇವೆಗೆ ಹೊರಟವರಿಗೆ

ವಿರಾಜಪೇಟೆ, ಸಿದ್ದಾಪುರದ ಕಡೆಯಿಂದ ಕಾಫಿ ಕೊಯ್ಲು ಮುಗಿಸಿ ಉಗಾಂಡಕ್ಕೆ ಮಿಷನ್ ಸೇವೆಗೆ ಹೊರಡುವ ತಮ್ಮಂದಿರೇ, ಟಿಕೆಟ್‌ಗಿಂತ ಮೊದಲು ಹಳದಿ ಜ್ವರದ ಲಸಿಕೆ ನೋಡಿಕೊಳ್ಳಿ. ಎಲ್ಲ ಆಸ್ಪತ್ರೆಯಲ್ಲೂ ಕೊಡುವುದಿಲ್ಲ; ಸರ್ಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು, ಬೆಂಗಳೂರಿನಲ್ಲಿದೆ. ಲಸಿಕೆ ಹಾಕಿಸಿಕೊಂಡದ್ದಕ್ಕೆ ಪ್ರಮಾಣಪತ್ರವಾಗಿ ಕೊಡುವ ಹಳದಿ ಕಾರ್ಡಿಗೆ ಚುಚ್ಚಿಸಿಕೊಂಡ 10 ದಿನದ ನಂತರವೇ ಬೆಲೆ. ಕಾರ್ಡಿಲ್ಲದೆ ವಾಪಸ್ ಬಂದರೆ ಇಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಇಬ್ಬರೂ ಒಂದೇ ದಿನ ಹೋಗಿ ಹಾಕಿಸಿಕೊಳ್ಳಿ. ಮೊಟ್ಟೆ ಅಲರ್ಜಿ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ. ಮಲೇರಿಯಾ ಮಾತ್ರೆಯ ಬಗ್ಗೆಯೂ ಕೇಳಿ.

ಇನ್ನೊಂದು. ಎಷ್ಟೇ ಆಪ್ತ ಗೆಳೆಯನಾದರೂ ಖರ್ಚಿನ ಮಾತು ಊರಲ್ಲೇ ಮುಗಿಸಿ. ಒಬ್ಬರ ಪಾಸ್‌ಪೋರ್ಟ್ ಜೆರಾಕ್ಸ್ ಇನ್ನೊಬ್ಬರ ಚೀಲದಲ್ಲಿರಲಿ. ವೀಸಾ ಅರ್ಜಿಯಲ್ಲಿ ಪ್ರವಾಸ ಎಂದು ಬರೆದು ಅಲ್ಲಿ ಧರ್ಮಬೋಧನೆ ಮಾಡುವುದು ಬೇಡ. ನಿಮ್ಮನ್ನು ಕರೆದ ಅಲ್ಲಿನ ಚರ್ಚ್‌ನಿಂದ ಪತ್ರ ತರಿಸಿಕೊಂಡು ಉದ್ದೇಶ ಸರಿಯಾಗಿ ಬರೆಯಿರಿ.